ಮರೆವಿನ ಮದ್ದು

“ಗುರುಗಳೇ, ಇಬ್ಬರು ಒಳ್ಳೆಯವರ ನಡುವೆ ಕೆಡುಕು ಹುಟ್ಟುತ್ತದೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ವಿಶ್ವವಿದ್ಯಾಲಯದಲ್ಲಿ ಮಿದುಳಿನ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಒಬ್ಬ ಸಂಶೋಧಕಿ ಇದ್ದಳು. ಮರೆವಿನ ರೋಗಕ್ಕೆ ಮದ್ದು ಹುಡುಕುವುದು ಅವಳ ಕೆಲಸ. ಹದಿನಾಲ್ಕು ವರ್ಷ ಇಲಿಗಳ ಮೇಲೆ ಪ್ರಯೋಗ ಮಾಡಿದಳು. ನೀರಿನ ತೊಟ್ಟಿಯೊಳಗೆ ಒಂದು ಮೆಟ್ಟಿಲನ್ನು ಮುಳುಗಿಸಿಟ್ಟಿದ್ದಳು. ರೋಗ ತಗುಲಿದ ಇಲಿಗಳು ಅದು ಎಲ್ಲಿದೆ ಎಂಬುದನ್ನು ಮರೆತು ಸುತ್ತುತ್ತಿದ್ದವು. ಅವಳ ಮದ್ದು ಕುಡಿದ ಮೇಲೆ ಅವು ನೇರವಾಗಿ ಈಜಿ ಹೋಗಿ ಮೆಟ್ಟಿಲು ಹತ್ತಿದವು. ಆ ದಿನ ಅವಳು ತೊಟ್ಟಿಯ ಪಕ್ಕದಲ್ಲೇ ಕುಳಿತು ಅತ್ತಳು.

ಇಲಿಗೆ ಹಿಡಿಸಿದ ಮದ್ದು ಮನುಷ್ಯರಿಗೆ ಹಿಡಿಸುತ್ತದೆಯೇ ಎಂದು ನೋಡಬೇಕಿತ್ತು. ಅನುಮತಿ ಪಡೆದು ಒಂಬತ್ತು ರೋಗಿಗಳನ್ನು ಆರಿಸಿಕೊಂಡಳು. ಅವರಲ್ಲಿ ಕಲ್ಲಯ್ಯ ಎಂಬವನು ಒಬ್ಬ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಈಗ ಅವನಿಗೆ ಹೆಂಡತಿ ಪಾರವ್ವನ ಗುರುತೂ ಸಿಗುತ್ತಿರಲಿಲ್ಲ.

ಪಾರವ್ವ ತಿಂಗಳಿಗೊಮ್ಮೆ ಅವನ ಕೈ ಹಿಡಿದು ಕೇಂದ್ರಕ್ಕೆ ಕರೆತರುತ್ತಿದ್ದಳು. ಸಂಶೋಧಕಿ ಅವನಿಗೆ ಚಿತ್ರಗಳನ್ನು ತೋರಿಸಿ, ಹೆಸರು ಕೇಳಿ, ಅಂಕ ಬರೆಯುತ್ತಿದ್ದಳು. ಆಮೇಲೆ ಮನೆಯಲ್ಲಿ ಹೇಗಿದ್ದಾರೆ ಎಂದು ಪಾರವ್ವನನ್ನು ಕೇಳುತ್ತಿದ್ದಳು. ನಿಮ್ಮದು ಊಟವಾಯಿತೇ ಎಂದೂ ಕೇಳುತ್ತಿದ್ದಳು. ಆ ಹೆಂಗಸನ್ನು ಯಾರಾದರೂ ಹಾಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಮೊದಲ ಎರಡು ತಿಂಗಳು ಪಾರವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಏನೂ ಬದಲಾಗಿರಲಿಲ್ಲ. ಸಂಶೋಧಕಿಯ ಮುಖ ಬಾಡಿತು. ಮೂರನೆಯ ತಿಂಗಳು ಪಾರವ್ವ, ಪರವಾಗಿಲ್ಲ, ಸ್ವಲ್ಪ ಮೇಲು ಎಂದಳು. ನಾಲ್ಕನೆಯ ತಿಂಗಳು, ನಿನ್ನೆ ನನ್ನ ಹೆಸರು ಹಿಡಿದು ಕರೆದರು ಎಂದಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆ ರೋಗಿಗಳ ಮನೆಯವರಿಗೂ ಈ ಸುದ್ದಿ ತಿಳಿಯಿತು. ತಮ್ಮವರಿಗೆ ಮಾತ್ರ ಗುಣವಿಲ್ಲ ಎಂದರೆ ತಾವೇ ಸರಿಯಾಗಿ ನೋಡಿಕೊಂಡಿಲ್ಲ ಎಂದಾದೀತು ಎಂದು ಅವರು ಅಂಜಿದರು. ಒಬ್ಬೊಬ್ಬರಾಗಿ ಅವರೂ ಸ್ವಲ್ಪ ಮೇಲು ಎಂದರು.

ಅಂಕಗಳು ಮಾತ್ರ ಏರಲಿಲ್ಲ. ಸಂಶೋಧಕಿ ಅವನ್ನು ನೋಡಿದಳು. ಪರೀಕ್ಷೆಯ ಕೋಣೆಗೆ ಬಂದರೆ ರೋಗಿಗಳು ಗಾಬರಿಯಾಗುತ್ತಾರೆ, ಮನೆಯವರು ಕಂಡದ್ದೇ ನಿಜ ಎಂದುಕೊಂಡಳು. ವರದಿಯಲ್ಲಿಯೂ ಹಾಗೆಯೇ ಬರೆದಳು.

ಆ ವರದಿಯನ್ನು ನಂಬಿ ಮುನ್ನೂರು ಜನರಿಗೆ ಮದ್ದು ಕೊಟ್ಟರು. ವರ್ಷ ತುಂಬುವುದರೊಳಗೆ ಹಲವರ ಮಿದುಳಿನಲ್ಲಿ ಬಾವು ಬಂತು. ಹನ್ನೊಂದು ಜನ ಸತ್ತರು. ಸತ್ತವರಲ್ಲಿ ಕೆಲವರಿಗೆ ಮಕ್ಕಳ ಹೆಸರು ಇನ್ನೂ ನೆನಪಿತ್ತು. ಒಬ್ಬರಿಗೂ ಗುಣವಾಗಲಿಲ್ಲ. ಪ್ರಯೋಗವನ್ನು ನಿಲ್ಲಿಸಿದರು.

ಸಂಶೋಧಕಿ ಕಲ್ಲಯ್ಯನ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿಬಿಡಬೇಕೆಂದೇ ಹೋಗಿದ್ದಳು. ಪಾರವ್ವ ಗಂಡನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಪ್ರತಿ ತುತ್ತಿಗೂ ಅವನು, ನೀನು ಯಾರು ಎಂದು ಕೇಳುತ್ತಿದ್ದ. ಪ್ರತಿ ಸಲವೂ ಅವಳು ಹೇಳುತ್ತಿದ್ದಳು. ಸಂಶೋಧಕಿ ತಟ್ಟೆ ಖಾಲಿಯಾಗುವವರೆಗೆ ನಿಂತು ನೋಡಿದಳು.

“ಇವರು ನಿಮ್ಮ ಹೆಸರು ಹಿಡಿದು ಕರೆದದ್ದು ನಿಜವೇ?” ಎಂದು ಕೇಳಿದಳು.

“ಇಲ್ಲ ಮೇಡಂ. ನೀವು ಅಷ್ಟು ಆಸೆಯಿಂದ ಕೇಳುತ್ತಿದ್ದಿರಿ. ಇಲ್ಲವೆಂದು ಹೇಗೆ ಹೇಳಲಿ?” ಎಂದಳು ಪಾರವ್ವ. ಗಂಡನ ಬಾಯಿ ಒರೆಸಿ, ಮತ್ತೆ ಹೇಳಿದಳು, “ಪರೀಕ್ಷೆ ಮಾಡುತ್ತಿದ್ದವರು ನೀವು. ನಿಮಗೆ ಗೊತ್ತಾಗಲಿಲ್ಲವೇ?”

ಸಂಶೋಧಕಿಗೆ ಗೊತ್ತಾಗಿತ್ತು. ಆದರೂ ಸತ್ತವರ ಸುದ್ದಿಯನ್ನಾಗಲಿ, ಪ್ರಯೋಗ ನಿಂತದ್ದನ್ನಾಗಲಿ ಅವಳು ಹೇಳಲಿಲ್ಲ. ಮುಂದಿನ ತಿಂಗಳು ಯಾವ ದಿನ ಕರೆತರಲಿ ಎಂದು ಪಾರವ್ವ ಕೇಳಿದಳು. ತಿಳಿಸುತ್ತೇನೆ ಎಂದು ಹೇಳಿ ಸಂಶೋಧಕಿ ಹೊರಟಳು.

ಅವಳು ಕೇಂದ್ರವನ್ನು ಬಿಟ್ಟಳು. ಮತ್ತೆ ಯಾವ ಪ್ರಯೋಗವನ್ನೂ ಮಾಡಲಿಲ್ಲ. ಪಾರವ್ವ ಎರಡು ತಿಂಗಳು ಕಾದು, ತಾನಾಗಿಯೇ ಗಂಡನನ್ನು ಕರೆದುಕೊಂಡು ಬಂದಳು. ಕೋಣೆಗೆ ಬೀಗ ಹಾಕಿತ್ತು. ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಬಸ್ಸು ಹತ್ತಿ ಹಿಂತಿರುಗಿದಳು. ಕಲ್ಲಯ್ಯ ಆ ವರ್ಷವೇ ತೀರಿಕೊಂಡ. ಸಾಯುವಾಗಲೂ ಪಕ್ಕದಲ್ಲಿದ್ದವಳು ಯಾರೆಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಹೇಳಿ ಹೇಳಿ ದಣಿದಿದ್ದರು. ಶಿಷ್ಯ ಅವರ ದಣಿದ ಮುಖ ನೋಡಿದ.

“ಅರ್ಥವಾಯಿತು ಗುರುಗಳೇ” ಎಂದ.

“ಅರ್ಥವಾಗದೇ ಇದ್ದಿದ್ದರೂ ನೀನು ಇದನ್ನೇ ಹೇಳುತ್ತಿದ್ದೆ” ಎಂದರು ಗುರುಗಳು.