ಅಂಚಿನ ಹೆಜ್ಜೆಗಳು

ಮರಳುಗಾಡಿನ ಪಕ್ಕದ ಒಂದು ಆಶ್ರಮದಲ್ಲಿ ಮೌನಯ್ಯ ಅಂತ ಒಬ್ಬ ಗುರುಗಳಿದ್ದರು. ಹೆಸರು ಮೌನಯ್ಯ, ಬಾಯಿಗೆ ಮಾತ್ರ ಬಿಡುವೇ ಇರಲಿಲ್ಲ.

ಅವರ ಶಿಷ್ಯ ಕೇದಾರ. ಮೀಸೆ ಮೂಡುವ ಮೊದಲೇ ಬಂದು ಸೇರಿದವನು. ಈಗ ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು.

ಮರಳುಗಾಡಿನ ಆಚೆಯ ಊರಿನವರು ತಮಗೊಬ್ಬ ಗುರು ಬೇಕೆಂದು ಕೇಳಿ ಬಂದಿದ್ದರು. ಗುರುಗಳು ಕೇದಾರನನ್ನು ಕಳಿಸುತ್ತೇನೆ ಎಂದುಬಿಟ್ಟಿದ್ದರು.

"ನಾನು ಹೋಗಲಾರೆ ಗುರುಗಳೇ," ಎಂದ ಕೇದಾರ. "ನೀವಿಲ್ಲದೆ ನನಗೆ ಒಂದು ದಾರಿಯೂ ಗೊತ್ತಾಗುವುದಿಲ್ಲ."

"ಆಗಲಿ. ಸಂಜೆಗೆ ಕೊನೆಯ ಮಾತು ಹೇಳು, ಅವರು ಕಾಯುತ್ತಿದ್ದಾರೆ. ಈಗ ಜೀಪು ಹತ್ತು. ವರ್ಷಕ್ಕೊಂದು ಸಲ ನಾನು ಮರಳುಗಾಡಿನ ಒಳಗಿನ ಕಂದರಕ್ಕೆ ಹೋಗಿ, ಅಲ್ಲಿಯ ನೀರಿಗೆ ಕೈಮುಗಿದು ಬರುವುದುಂಟು. ಈ ಸಲ ನೀನೂ ಬಾ."

ಜೀಪು ಓಡಿಸಿದವರು ಗುರುಗಳೇ. ಕೇದಾರ ಕಂಬಿ ಹಿಡಿದು, ಕಣ್ಣು ಮುಚ್ಚಿ ಜಪಕ್ಕೆ ಕುಳಿತ.

"ಭಕ್ತಿಯೋ, ಭಯವೋ?"

"ಎರಡೂ, ಗುರುಗಳೇ. ತಾವು ಸ್ವಲ್ಪ ರಸ್ತೆ ನೋಡಿದರೆ ಒಳ್ಳೆಯದು."

"ರಸ್ತೆ ಎಲ್ಲಿದೆಯಪ್ಪ ಇಲ್ಲಿ, ನೋಡುವುದಕ್ಕೆ?"

ನಿಜವೇ. ನಾಲ್ಕು ದಿಕ್ಕಿಗೂ ಮರಳು, ಮೇಲೆ ಬಿಸಿಲು.

ಮಧ್ಯಾಹ್ನದ ಹೊತ್ತಿಗೆ ನೆಲ ಸೀಳಿದಂತೆ ಕಂದರ ಕಾಣಿಸಿತು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಒಣಗಿದ ಹೊಳೆಯ ನುಣ್ಣನೆಯ ಮರಳು. ಜೀಪು ಅಲ್ಲಿಗೇ ನಿಂತಿತು. ಗುರುಗಳು ಅದರ ಬಾನೆಟ್ ತಟ್ಟಿ, "ಇಲ್ಲಿಯವರೆಗೆ ಹೊತ್ತು ತಂದೆಯಲ್ಲ, ದೊಡ್ಡದು ನಿನ್ನ ಉಪಕಾರ," ಎಂದರು. ಚಪ್ಪಲಿ ಬಿಟ್ಟು ಒಳಗೆ ನಡೆದರು. ನೆರಳು ಸಿಕ್ಕಿದಾಗ ನೆರಳಿಗೂ ಅದೇ ಮಾತು, ಗಾಳಿ ಬೀಸಿದಾಗ ಗಾಳಿಗೂ ಅದೇ ಮಾತು.

ಗುರುಗಳು ನಡುಮರಳಿನಲ್ಲಿ ಮಾತಾಡುತ್ತಾ ಮುಂದೆ. ಅವರ ನೆರಳು ತುಳಿಯಬಾರದೆಂದು ಕೇದಾರ ಗೋಡೆಯ ಅಂಚಿನಲ್ಲಿ ಹಿಂದೆ.

ಹಿಂದೆ ಬರುತ್ತಾ ಅವನು ಒಂದು ಕೆಲಸ ಮಾಡಿದ. ಗುರುಗಳ ಪಾದದ ಗುರುತನ್ನು ಯಾರೂ ತುಳಿಯಬಾರದು ಎಂಬುದು ಅವನ ನೇಮ. ಆಶ್ರಮದ ಅಂಗಳದಲ್ಲಿ ದಿನವೂ ಅವರು ಹೋದ ಮೇಲೆ ಪೊರಕೆ ಹಿಡಿಯುತ್ತಿದ್ದ. ಇಲ್ಲಿ ಒಂದು ಉದ್ದನೆಯ ಕೋಲಿಗೆ ತನ್ನ ಶಲ್ಯ ಕಟ್ಟಿ, ಅವರ ಹೆಜ್ಜೆಯ ಮೇಲೆ ಎಳೆಯುತ್ತಾ ಬಂದ. ಒಂದನ್ನೂ ಬಿಡಲಿಲ್ಲ.

ಕಂದರ ಅಲ್ಲಲ್ಲಿ ಕವಲೊಡೆಯಿತು. ಗುರುಗಳು ಮಾತು ನಿಲ್ಲಿಸದೆ, ಕಾಲಿನ ರೂಢಿಯಲ್ಲೇ ಯಾವುದೋ ಒಂದಕ್ಕೆ ತಿರುಗಿದರು.

ಕೊನೆಯಲ್ಲಿ ಬಂಡೆಯ ಬುಡದಲ್ಲಿ ಒಂದು ಸಣ್ಣ ಹೊಂಡ. ತಿಳಿಯಾದ ನೀರು.

ಗುರುಗಳು ಬೊಗಸೆ ತುಂಬಿ ಕುಡಿದರು. ಕಣ್ಣಿಗೆ ಒತ್ತಿಕೊಂಡರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸುಮ್ಮನಾದರು.

ಆಮೇಲೆ ಹೇಳಿದರು. "ನಾವು ಬರುತ್ತೇವೆ ಅಂತ ಈ ನೀರಿಗೆ ಗೊತ್ತಿರಲಿಲ್ಲ. ಆದರೂ ಇತ್ತು ನೋಡು."

ಕೇದಾರನೂ ಕುಡಿದ. ತಂಪು ಎದೆಗಿಳಿಯಿತು. ಯಾಕೋ ಕಣ್ಣು ತುಂಬಿ ಬಂತು.

ಹಿಂತಿರುಗುವಾಗ ಮೊದಲ ಕವಲಿಗೇ ನಿಲ್ಲಬೇಕಾಯಿತು. ಮುಂದೆ ಮೂರು ಬಾಯಿ. ಮೂರಕ್ಕೂ ಅದೇ ಕೆಂಪು ಗೋಡೆ, ಅದೇ ಮರಳು.

"ಯಾವ ಕಡೆ, ಗುರುಗಳೇ?"

"ನನ್ನನ್ನು ಕೇಳಿದರೆ? ಮಾತಾಡುತ್ತಾ ಬರುವವನಿಗೆ ದಾರಿ ಎಲ್ಲಿ ನೆನಪಿರುತ್ತದೆ. ಪ್ರತಿ ವರ್ಷ ನಾನು ಬಂದ ಹೆಜ್ಜೆ ನೋಡಿಕೊಂಡೇ ಹೊರಗೆ ಹೋಗುವವನು. ಹೆಜ್ಜೆ ಎಲ್ಲಿದೆ ನೋಡು."

ಕೇದಾರನ ಮುಖ ಬಾಡಿತು. "ಅಳಿಸಿಬಿಟ್ಟೆ."

"ಏನನ್ನು?"

"ನಿಮ್ಮ ಹೆಜ್ಜೆಯನ್ನೆಲ್ಲ. ಯಾರೂ ತುಳಿಯಬಾರದು ಅಂತ."

ಗುರುಗಳು ಅವನನ್ನು ನೋಡಿದರು. ಕೋಲನ್ನು ನೋಡಿದರು. ಅದರ ತುದಿಯ ಶಲ್ಯ ನೋಡಿದರು. "ಎಷ್ಟು ಚೆನ್ನಾಗಿ ಅಳಿಸಿದ್ದೀಯೋ ಮಾರಾಯ," ಎಂದು ಬಂಡೆಯ ಮೇಲೆ ಕುಳಿತರು.

ಬಿಸಿಲು ಆಗಲೇ ಗೋಡೆಯ ನೆತ್ತಿಗೆ ಏರಿತ್ತು. ಕತ್ತಲಾದರೆ ಅಲ್ಲಿ ಮೂಳೆ ಕೊರೆಯುವ ಚಳಿ. ಗುರುಗಳದು ಹಣ್ಣಾದ ಮೈ. ಕೇದಾರ ಮೂರೂ ಬಾಯಿಗೆ ಓಡಿದ. ನಡುಮರಳಿನಲ್ಲಿ ಮಂಡಿಯೂರಿ ಒಂದು ಹೆಬ್ಬೆರಳ ಗುರುತಾದರೂ ಉಳಿದಿದೆಯೇ ಎಂದು ಹುಡುಕಿದ.

"ನನ್ನಿಂದ ನಿಮಗೆ ಏನಾದರೂ ಆದರೆ..."

"ಆಗ ಬೈದುಕೋ. ಈಗ ಹೇಳು, ನಾನು ನಡುವೆ ಬಂದೆ. ನೀನು?"

"ನಾನು ಅಂಚಿನಲ್ಲಿ."

"ಅಲ್ಲಿಯೂ ಶಲ್ಯ ಎಳೆದೆಯಾ?"

"ನನ್ನ ಹೆಜ್ಜೆಗೆ ಯಾಕೆ ಗುರುಗಳೇ, ಅದನ್ನು ಯಾರು..."

ಅವನು ತಟ್ಟನೆ ಎದ್ದು ಗೋಡೆಯ ಬುಡಕ್ಕೆ ಹೋದ. ಎಡಗಡೆಯ ಬಾಯಿಯಲ್ಲಿ, ಬಂಡೆಗೆ ಒತ್ತಿಕೊಂಡಂತೆ ಹೆಜ್ಜೆಗಳಿದ್ದವು. ಸೊಟ್ಟ ಸೊಟ್ಟ, ಬಲಗಾಲು ಸ್ವಲ್ಪ ಹೊರಕ್ಕೆ ತಿರುಗಿದವು.

"ಸಿಕ್ಕಿತು. ಆದರೆ ಇವು ಬರೀ ನನ್ನವು."

"ಯಾರವಾದರೇನು, ಜೀಪಿನಿಂದ ಬಂದವು ತಾನೇ?"

ಗುರುಗಳು ಎದ್ದು ಬಂದರು. ಮೊದಲ ಹೆಜ್ಜೆಯ ಮುಂದೆ ಬಾಗಿ ಕೈಮುಗಿದರು. "ದೊಡ್ಡದಪ್ಪ ನಿನ್ನ ಉಪಕಾರ."

ಕೇದಾರ ನಾಚಿ ಕುಗ್ಗಿದ. "ಗುರುಗಳೇ, ಹಾಗೆಲ್ಲ ಮಾಡಬೇಡಿ."

"ನಿನಗಲ್ಲ, ಹೆಜ್ಜೆಗೆ ಮುಗಿದದ್ದು. ನಡಿ ಮುಂದೆ."

ಕೇದಾರ ಗುರುತು ನೋಡುತ್ತಾ ಮುಂದೆ ನಡೆದ. ಜೀವನದಲ್ಲೇ ಮೊದಲ ಸಲ ಗುರುಗಳಿಗಿಂತ ಮುಂದೆ. ಒಂದೊಂದು ಕವಲಿನಲ್ಲೂ ಬಗ್ಗಿ ನೋಡಿ, "ಈ ಕಡೆ," ಎನ್ನುತ್ತಿದ್ದ. ಮೊದಮೊದಲು ದನಿ ಸಣ್ಣಗಿತ್ತು. ಬರಬರುತ್ತಾ ಗಟ್ಟಿಯಾಯಿತು. ಹಿಂದಿನಿಂದ ಗುರುಗಳ ಮಾತು ನಿಲ್ಲಲಿಲ್ಲ. ಈ ಕಲ್ಲು ಎಷ್ಟು ಚೆಂದ, ಈ ಸಂಜೆ ಎಷ್ಟು ಒಳ್ಳೆಯದು, ಇಂಥ ಶಿಷ್ಯ ಸಿಕ್ಕಿದ್ದು ತನ್ನ ಪುಣ್ಯ ಎಂದು.

ಗೋಡೆಗಳು ಅಗಲವಾದವು. ಕೆಂಪು ಆಕಾಶದ ಕೆಳಗೆ ಜೀಪು ನಿಂತಿತ್ತು.

ಕೇದಾರ ತಿರುಗಿ ಗುರುಗಳ ಪಾದ ಮುಟ್ಟಿದ.

"ನಾಳೆ ಹೊರಡುತ್ತೇನೆ ಗುರುಗಳೇ. ಆ ಊರಿಗೆ."

"ಸಂತೋಷ."

"ಅಲ್ಲಿ ದಾರಿ ತಪ್ಪಿದರೆ ನಿಮ್ಮನ್ನು ಎಲ್ಲಿ ಹುಡುಕಲಿ?"

"ಇಷ್ಟು ಹೊತ್ತು ನಾನೆಲ್ಲಿದ್ದೆ?"

"ನನ್ನ ಹಿಂದೆ."

"ಹಾಗಾದರೆ ಹುಡುಕಬೇಡ. ಮುಂದೆ ನೋಡಿಕೊಂಡು ನಡಿ."