ಉಪ್ಪಿನ ಮಡಿಲಲ್ಲಿ ಕೂತ ಪುಡಿ

ಪ್ರಯೋಗಾಲಯದ ಪುಡಿಯೊಂದು ತನ್ನ ಹೆಸರಿನ ಚೀಟಿ ಕಳೆದುಕೊಂಡಿತ್ತು. ಗುರುತು ಸಿಗದಿದ್ದರೆ ಅದನ್ನು ಚೆಲ್ಲುವವರಿದ್ದರು. ಉಪ್ಪಿನ ಬಿಲ್ಲೆ ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ವಸ್ತುಗಳ ಗುರುತು ಹಿಡಿಯುವ ಅವಕೆಂಪು (ಇನ್‌ಫ್ರಾರೆಡ್) ಕಿರಣದ ಮುಂದೆ ಬಂತು.

"ಬೆಂಜೀನ್ ಉಂಗುರಕ್ಕಂಟಿದ ನಿನ್ನ ನೈಟ್ರೋಜನ್ ಎಷ್ಟು ಹೈಡ್ರೋಜನ್‌ಗಳ ಕೈ ಹಿಡಿದಿದೆ, ಮಗಳೇ? ಅದೊಂದು ಗೊತ್ತಾದರೆ ನಿನ್ನ ಹೆಸರು ಗೊತ್ತಾಗುತ್ತದೆ. ಒಂದಿದ್ದರೆ ಒಂದು ಗೆರೆ, ಎರಡಿದ್ದರೆ ಎರಡು," ಎಂದು ಕಿರಣ ಕೇಳಿತು.

"ನಾನು ಹೇಳ್ತೀನಿ, ಇವಳಿಗೆ ನಾಚಿಕೆ ಜಾಸ್ತಿ," ಎಂದು ಉಪ್ಪಿಗೆ ಅಂಟಿಕೊಂಡಿದ್ದ ತೇವ ಶುರುಮಾಡಿತು. ಕಿರಣ ಕೇಳಿದ್ದನ್ನು ಗೆರೆಯಾಗಿ ಬರೆದುಕೊಳ್ಳುವ ಕಾಗದದ ಮೇಲೆ ಅಗಲವಾದ ಹಳ್ಳ ಬಿತ್ತು. ಪುಡಿಯ ದನಿ ಅದರಲ್ಲಿ ಮುಳುಗಿತು.

"ತೇವಕ್ಕನನ್ನು ಕರೆತಂದವರು ಯಾರು?" ಎಂದಿತು ಕಿರಣ.

"ನಾನೇ," ಎಂದಿತು ಉಪ್ಪು. "ದಾರಿಯಲ್ಲಿ ಸಿಕ್ಕರು, ಬೇಡ ಅನ್ನೋಕಾಗಲಿಲ್ಲ."

ಉಪ್ಪು ಒಲೆಯಲ್ಲಿ ಕೂತು ಚೆನ್ನಾಗಿ ಒಣಗಿ ಬಂದು, ಪುಡಿಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಿತು. ಈ ಸಲ ಕಾಗದದ ಮೇಲೆ ಅಕ್ಕಪಕ್ಕದಲ್ಲೇ ಎರಡು ಚೂಪು ಗೆರೆಗಳು ಇಳಿದವು.

"ಎರಡು ಹೈಡ್ರೋಜನ್. ಚೀಟಿ ಬರೆಯಬಹುದು," ಎಂದಿತು ಕಿರಣ. "ನಿನ್ನದೇನೂ ಮಾತಿಲ್ಲವೇ, ಉಪ್ಪೇ?"

"ಕರೆದುಕೊಂಡು ಬರೋದಷ್ಟೇ ನನ್ನ ಕೆಲಸ. ಮಾತು ಅವಳದು."