ಕೆರೆಯಂಗಳದ ರಾಗಿ

"ಬುದ್ಧಿ, ನಂಬ್ತೀರೋ ಇಲ್ವೋ, ಈಗ ತಾನೇ ನನ್ನ ಕಣ್ಣೆದುರಿಗೇ ಒಂದು ಹೊಲ ಎದ್ದು ಹೋಯ್ತು!"

ಭಿಕ್ಷೆ ಮುಗಿಸ್ಕೊಂಡು ಓಡೋಡಿ ಬಂದ ಶಿಷ್ಯ ಗವಿಯಪ್ಪನಿಗೆ ಏದುಸಿರು. ಹೆಗಲ ಜೋಳಿಗೆ ಇಳಿಸೋಕೂ ತಾಳ್ಮೆ ಇಲ್ಲ.

"ಗಾಳಿ ಬೀಸ್ತು ಬುದ್ಧಿ, ಉತ್ತ ಮಣ್ಣೆಲ್ಲ ಕೆಂಪಗೆ ಮೇಲೆದ್ದು ಗುಡ್ಡ ದಾಟಿ ಹೋಯ್ತು. ಕೆಳಗೆ ಬರೀ ಬಂಡೆ! ಆ ರೈತ ಏನಂದ ಗೊತ್ತಾ? 'ಬೀಳು ಬಿಡೋಣ ಅಂದ್ರೆ ಹೊಟ್ಟೆ ಕೇಳಲಿಲ್ಲ ಸ್ವಾಮಿ, ಬಿಡದೆ ಉತ್ತೆ' ಅಂದ. ಹಸಿದವನು ಉತ್ತರೆ ಅದೂ ತಪ್ಪಾ ಬುದ್ಧಿ?"

"ಮೊದಲು ಉಸಿರು ತಗೋ," ಅಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದೂರು. ಊರಿಗೊಂದು ಕೆರೆ. ಕೆರೆಗೊಬ್ಬ ನೀರುಗಂಟಿ, ಪಿಳ್ಳಪ್ಪ ಅಂತ. ತೂಬಿನ ಬಿರಡೆ ಕೀಳೋದು, ಮುಚ್ಚೋದು, ಯಾರ ಗದ್ದೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡೋದು, ಎಲ್ಲಾ ಅವನೇ. ನೀರುಗಂಟಿಗೆ ಹೊಲ ಇರಬಾರದು ಅನ್ನೋದು ಆ ಊರಿನ ಕಟ್ಟಳೆ. ಬೆಳೆ ಇಟ್ಟವನ ಕೈ ತನ್ನ ಕಡೆಗೇ ವಾಲುತ್ತೆ, ಅದಕ್ಕೆ. ಊರು ಅವನಿಗೆ ಕಾಳು ಕೊಡ್ತಿತ್ತು, ಅವನು ಊರಿಗೆ ನೀರು ಕೊಡ್ತಿದ್ದ.

ನೆಲಕ್ಕೂ ಒಂದಿಷ್ಟು ಬಿಡುವು ಅಂತ ಮೊದಲು ಇತ್ತು. ಆಮೇಲೆ ಒಂದರ ಬೆನ್ನಿಗೆ ಒಂದು ಬೆಳೆ ತೆಗೆದರು. ಕೆರೆ ಮೇಲಿನ ಗುಡ್ಡಾನೂ ಉತ್ತರು. ಮಣ್ಣು ಬೂದಿ ಆಯ್ತು. ಅದೇ ಹೊತ್ತಿಗೆ ಮಳೇನೂ ಕೈಕೊಡ್ತು. ಹೊಲಕ್ಕೆ ಹಾಕಿದ ಬೀಜದಷ್ಟೂ ಮನೆಗೆ ಬರಲಿಲ್ಲ. ಹೆಂಗಸರು ಬೇಲಿ ಸೊಪ್ಪು ಬೇಯಿಸಿ ಮಕ್ಕಳನ್ನ ಮಲಗಿಸಿದರು.

ಕೊನೆಗೆ ಒಬ್ಬ ರೈತ ಒಣಗಿದ ಕೆರೆಯಂಗಳಕ್ಕೇ ನೇಗಿಲು ಇಳಿಸಿದ. ತಲೆತಲಾಂತರದಿಂದ ತಳದಲ್ಲಿ ಕೂತ ಗೋಡುಮಣ್ಣು, ಒಳಗಿನ್ನೂ ತೇವ! ಊರಿಗೆ ಊರೇ ಹಿಂದೆ ಬಂತು.

"ಏನ್ಲಾ ಪಿಳ್ಳ, ಏರಿ ಮೇಲೆ ಕೊಕ್ಕರೆ ಥರ ನಿಂತಿದೀಯ? ನಿನಗೂ ಒಂದು ತುಂಡು ಬಿಟ್ಟಿದೀವಿ, ಇಳಿಯೋ."

"ನಂಗೆ ಕಟ್ಟಳೆ ಐತಲ್ಲಣ್ಣ."

"ನೀರೇ ಇಲ್ಲ, ನೀರುಗಂಟಿಗೆ ಯಾವ ಕಟ್ಟಳೆ!"

ಪಿಳ್ಳಪ್ಪನೂ ಬಿತ್ತಿದ. ಹುಟ್ಟಿದ ಮೇಲೆ ಅವನು ಬಿತ್ತಿದ ಮೊದಲನೇ ಬೆಳೆ. ಬಂತು ನೋಡು ರಾಗಿ, ಎದೆಮಟ್ಟ! ಒಂದೊಂದು ತೆನೆ ಮಗುವಿನ ಮುಷ್ಟಿಯಷ್ಟು! ದಿನಾ ಹೋಗಿ ಒಂದು ತೆನೇನ ಅಂಗೈಲಿ ಇಟ್ಕೊಂಡು ಹಾಗೇ ನಿಂತುಬಿಡ್ತಿದ್ದ.

ಕಾಳಿನ್ನೂ ಹಾಲು, ಕುಯ್ಯೋ ಹಾಗಿಲ್ಲ. ಆಗ ಬಂತು ಮಳೆ!

ಗುಡ್ಡದಿಂದ ಕೆಂಪು ನೀರು ಮೊರೀತಾ ಇಳೀತು. ಅಂಥ ನೀರನ್ನ ಊರಿನ ಚಿಕ್ಕ ಮಕ್ಕಳು ಕಂಡೇ ಇರಲಿಲ್ಲ. ದೇವರು ನಡ್ಕೊಂಡು ಬಂದ ಹಾಗೆ ಎಲ್ಲರೂ ಕೈ ಮುಗಿದರು. ಕೈ ಮುಗಿದೇ ನೋಡ್ತಿದ್ದರು, ನೀರು ರಾಗಿಯ ಬುಡ ಮುಟ್ಟಿತು, ಏರ್ತಾ ಹೋಯ್ತು.

"ಬಿರಡೆ ಕೀಳೋ ಪಿಳ್ಳ, ಬೆಳೆ ಮುಳುಗುತ್ತೆ!"

"ಕೀಳಬೇಡ್ವೋ! ಈ ನೀರು ಹರಿದು ಹೋದರೆ ಬೇಸಗೇಲಿ ಕುಡಿಯೋಕೂ ಇರಲ್ಲ!"

ಕೀಳು ಅಂದವನೇ ಮರುಗಳಿಗೆ ಬೇಡ ಅಂದ. ಬೇಡ ಅಂದವಳು ತನ್ನ ರಾಗಿ ಕಡೆ ನೋಡಿ ಅತ್ತಳು.

ಪಿಳ್ಳಪ್ಪನ ಕೈ ಬಿರಡೆ ಮೇಲೆ. ತನ್ನ ಕೈಯನ್ನೇ ಅವನು ನಂಬದಾದ. ಬೆಳೆ ಇಲ್ಲದೋನು ಒಬ್ಬ ಸಿಕ್ಕರೆ ಕೇಳೋಣ ಅಂತ ಸುತ್ತ ನೋಡಿದ. ಊರಲ್ಲಿ ಅಂಥೋನು ಒಬ್ಬನೂ ಉಳಿದಿರಲಿಲ್ಲ. ಏರಿ ಮೇಲೆ ಒಬ್ಬ ಜಂಗಮ ಹೋಗ್ತಿದ್ದ.

"ಸ್ವಾಮಿ, ನಿಮ್ಮದಿಲ್ಲಿ ಬೆಳೆ ಇಲ್ಲ. ನೀವು ಹೇಳಿದ ಹಾಗೆ ಮಾಡ್ತೀನಿ. ಕೀಳಲಾ, ಬಿಡಲಾ?"

ಗುರುಗಳು ಕತೇನ ಅಲ್ಲಿಗೇ ನಿಲ್ಲಿಸಿದರು. ಗವಿಯಪ್ಪ ಮಂಡಿ ಮೇಲೆ ಎದ್ದು ಕೂತಿದ್ದ.

"ಏನಂದ ಬುದ್ಧಿ, ಆ ಜಂಗಮ? ಹೇಳೋಕೆ ಅವನಿಗೇನು ಕಷ್ಟ? ಅವನದೇನೂ ಅಲ್ಲಿರಲಿಲ್ಲವಲ್ಲ!"

ಗುರುಗಳು ಕೈ ಚಾಚಿ ಅವನ ಜೋಳಿಗೆಯೊಳಗೆ ಬೆರಳಿಟ್ಟು ತೆಗೆದರು. ಬೆರಳ ತುದಿಗೆ ರಾಗಿ ಹಿಟ್ಟು ಹತ್ತಿತ್ತು.

"ಅವನ ಹೆಗಲ ಮೇಲೂ ಇಂಥದೇ ಜೋಳಿಗೆ ಇತ್ತಪ್ಪಾ, ಊರು ಬೆಳೆದರೇನೇ ಅದು ತುಂಬೋದು. ನೀನಾಗಿದ್ದರೆ ಏನು ಹೇಳ್ತಿದ್ದೆ?"